ಕಾರಿನ ನ್ಯಾವಿಗೇಷನ್ ನಂಬಬೇಕೋ, ಮೊಬೈಲ್ ಮ್ಯಾಪ್ ನಂಬಬೇಕೋ?

ಪ್ರಶ್ನೆ: ಕಾರಿನಲ್ಲಿ ಕಂಪನಿಯೇ ಕೊಟ್ಟ ನ್ಯಾವಿಗೇಷನ್ ಇದೆ, ಮೊಬೈಲ್‌ನಲ್ಲಿ ಗೂಗಲ್ ಮ್ಯಾಪ್ಸ್ ಇದೆ. ಸುರಂಗದೊಳಗೆ ಹೋದರೆ ಮೊಬೈಲ್ ದಾರಿ ತಪ್ಪುತ್ತದೆ, ಕಾರಿನದು ಸರಿಯಾಗಿ ನಡೆಯುತ್ತದೆ. ಆದರೆ ಹೊಸ ಬೈಪಾಸ್ ಕಾರಿನ ಮ್ಯಾಪ್‌ನಲ್ಲಿ ಇಲ್ಲವೇ ಇಲ್ಲ. ಗದ್ದೆಯ ಮೇಲೆ ಹೋಗುತ್ತಿರುವಂತೆ ತೋರಿಸುತ್ತದೆ. ಮ್ಯಾಪ್ ಅಪ್‌ಡೇಟ್‌ಗೆ ದುಡ್ಡು ಹಾಕಲೇ, ಅಥವಾ ಮೊಬೈಲ್ ಒಂದೇ ಸಾಕೇ?

ಉತ್ತರ (ಕಾರ್ ಎಲೆಕ್ಟ್ರಿಕಲ್ ಕೆಲಸದವರು): ಸರ್, ನ್ಯಾವಿಗೇಷನ್ ಅಂದರೆ ಮೂರು ಕೆಲಸ. ಕಾರು ಈಗ ಎಲ್ಲಿದೆ, ಅಲ್ಲಿ ಯಾವ ರಸ್ತೆಗಳಿವೆ, ಯಾವುದರಲ್ಲಿ ಹೋದರೆ ಬೇಗ ಮುಟ್ಟಬಹುದು. ಮೊದಲನೆಯದರಲ್ಲಿ ಕಾರು ಗಟ್ಟಿ, ಉಳಿದೆರಡರಲ್ಲಿ ಮೊಬೈಲ್ ಗಟ್ಟಿ. ನಿಮಗೆ ಆಗುತ್ತಿರುವುದೂ ಅದೇ.

ಮೊಬೈಲ್ ಬಹುಪಾಲು ಉಪಗ್ರಹದ ಸಿಗ್ನಲ್ ನಂಬಿಕೊಂಡಿರುತ್ತದೆ. ಸುರಂಗದಲ್ಲಿ ಅದು ಸಿಗದಾಗ ಸ್ವಲ್ಪ ದೂರ ಹಿಂದಿನ ವೇಗದ ಅಂದಾಜಿನಲ್ಲೇ ಬಾಣವನ್ನು ಓಡಿಸಿ, ಆಮೇಲೆ ಕೈಚೆಲ್ಲುತ್ತದೆ. ಒಳಗೆ ಟ್ರಾಫಿಕ್ ನಿಂತುಬಿಟ್ಟರೆ ಬಾಣ ಮಾತ್ರ ಮುಂದೆ ಹೋಗಿರುತ್ತದೆ. ಕಂಪನಿ ಅಳವಡಿಸಿದ ಯೂನಿಟ್‌ಗೆ ಎಬಿಎಸ್‌ನ ಚಕ್ರದ ಸೆನ್ಸರ್‌ಗಳಿಂದ ಕಾರು ಎಷ್ಟು ದೂರ ಉರುಳಿತು ಎಂಬ ಲೆಕ್ಕ ಬರುತ್ತದೆ, ತಿರುಗುವುದನ್ನು ಅಳೆಯುವ ಗೈರೊ ಸೆನ್ಸರ್‌ನಿಂದ ಎಷ್ಟು ಡಿಗ್ರಿ ತಿರುಗಿತು ಎಂಬ ಲೆಕ್ಕ ಬರುತ್ತದೆ. ಇವೆರಡು ಇದ್ದರೆ ಉಪಗ್ರಹ ಇಲ್ಲದೆಯೂ ಕೆಲವು ಕಿಲೋಮೀಟರ್ ನಿಭಾಯಿಸಬಹುದು. ಡೆಡ್ ರೆಕನಿಂಗ್ ಎನ್ನುವ ಈ ವಿದ್ಯೆ ಕಾರುಗಳಲ್ಲಿ ಜಿಪಿಎಸ್‌ಗಿಂತ ಹಳೆಯದು. 1981ರಲ್ಲಿ ಹೋಂಡಾ ತಂದ ಎಲೆಕ್ಟ್ರೋ ಗೈರೊಕೇಟರ್‌ನಲ್ಲಿ ಉಪಗ್ರಹದ ಸುದ್ದಿಯೇ ಇರಲಿಲ್ಲ.

ದುಡ್ಡಿನ ವಿಚಾರ: ನಿಮ್ಮ ಕಾರಿನಲ್ಲಿ ಕಾರ್‌ಪ್ಲೇ ಅಥವಾ ಆಂಡ್ರಾಯ್ಡ್ ಆಟೊ ಇದ್ದರೆ ಅಪ್‌ಡೇಟ್ ಕೊಳ್ಳಬೇಡಿ. ಮೊಬೈಲ್ ಮ್ಯಾಪನ್ನು ಕಾರಿನ ಪರದೆಯಲ್ಲೇ ಓಡಿಸಿ.

ಪ್ರಶ್ನೆ: ನನ್ನದು ಹೊರಗಡೆ ಹಾಕಿಸಿದ ಆಂಡ್ರಾಯ್ಡ್ ಸ್ಟೀರಿಯೊ. ಅದೂ ಸುರಂಗದಲ್ಲಿ ನಿಲ್ಲುತ್ತದಲ್ಲ?

ಉತ್ತರ (ಅದೇ): ನಿಲ್ಲುತ್ತದೆ. ಅಂಥವುಗಳಲ್ಲಿ ಹೆಚ್ಚಿನವಕ್ಕೆ ಚಕ್ರದ ಮಾಹಿತಿ ಸಿಗುವುದಿಲ್ಲ; ದೊಡ್ಡ ಪರದೆಯ ಮೊಬೈಲ್ ಎಂದುಕೊಳ್ಳಿ. ನ್ಯಾವಿಗೇಷನ್‌ಗೆಂದೇ ಮಾಡಿದ ಕೆಲವು ಯೂನಿಟ್‌ಗಳಲ್ಲಿ ಕಾರಿನ ವೇಗದ ಮಾಹಿತಿ ತರುವ ಸ್ಪೀಡ್ ಪಲ್ಸ್ ವೈರ್ ಇರುತ್ತದೆ. ಹಾಕುವವರು ಆತುರದಲ್ಲಿ ಅದನ್ನು ಟೇಪ್ ಸುತ್ತಿ ಬಿಟ್ಟಿರುತ್ತಾರೆ. ಕೈಪಿಡಿಯ ವೈರಿಂಗ್ ಚಿತ್ರ ನೋಡಿ ಕೇಳಿ ಹಾಕಿಸಿಕೊಳ್ಳಿ.

ಇನ್ನೊಂದು, ಜಿಪಿಎಸ್ ಆಂಟೆನಾ. ಕಪ್ಪು ಚೌಕದ ಬಿಲ್ಲೆ, ತುದಿಯಲ್ಲಿ ವೈರ್. ಅದನ್ನು ಸ್ಟೀರಿಯೊ ಹಿಂದೆ ಲೋಹದ ಚೌಕಟ್ಟಿನ ಸಂದಿಗೆ ತುರುಕಿದರೆ ಸಿಗ್ನಲ್ ಬರುವುದಾದರೂ ಎಲ್ಲಿಂದ? ಡ್ಯಾಶ್‌ಬೋರ್ಡ್ ಮೇಲೆ, ಮುಂದಿನ ಗಾಜಿನ ಹತ್ತಿರ, ಮುಖ ಆಕಾಶಕ್ಕೆ ಇರಬೇಕು. ಮಾಡುವ ಕೆಲಸ ಇಷ್ಟೇ, ಆದರೆ "ಜಿಪಿಎಸ್ ಕೆಟ್ಟಿದೆ" ಎನ್ನುವ ದೂರು ಎಷ್ಟೋ ಸಲ ಇಷ್ಟಕ್ಕೇ ಮುಗಿಯುತ್ತದೆ.

ಪ್ರಶ್ನೆ: ಫ್ಲೈಓವರ್ ಮೇಲಿದ್ದರೂ ಮೊಬೈಲ್ ಕೆಳಗಿನ ಸರ್ವಿಸ್ ರಸ್ತೆಯಲ್ಲಿದ್ದೇನೆ ಎನ್ನುತ್ತದೆ, "ಎಡಕ್ಕೆ ತಿರುಗಿ" ಎನ್ನುತ್ತದೆ. ಮೊಬೈಲ್ ಬದಲಾಯಿಸಿದರೆ ಸರಿಹೋಗುತ್ತದೆಯೇ?

ಉತ್ತರ (ಟೆಲಿಮ್ಯಾಟಿಕ್ಸ್, ಅಂದರೆ ವಾಹನದ ಲೊಕೇಷನ್ ಮತ್ತು ಡೇಟಾ ಸಂಪರ್ಕದ ಎಂಜಿನಿಯರ್): ಬರೀ ಮೊಬೈಲ್ ಬದಲಾಯಿಸಿದರೆ ಪೂರ್ತಿ ಸರಿಹೋಗದು. ಬಯಲಿನಲ್ಲಿ, ಆಕಾಶ ತೆರೆದಿರುವಾಗ ಮೊಬೈಲ್ ಜಿಪಿಎಸ್‌ನ ನಿಖರತೆ ಸುಮಾರು 5 ಮೀಟರ್. ಎತ್ತರ ಅಳೆಯುವುದರಲ್ಲಿ ತಪ್ಪು ಇನ್ನೂ ಹೆಚ್ಚು. ಕೆಳಗೂ ಮೇಲೂ ಒಂದರ ನೇರಕ್ಕೆ ಒಂದು ಇರುವ ರಸ್ತೆಗಳಲ್ಲಿ ಯಾವುದರ ಮೇಲಿದ್ದೀರಿ ಎಂದು ಅದು ಊಹಿಸಬೇಕಷ್ಟೇ. ಎತ್ತರದ ಕಟ್ಟಡಗಳ ನಡುವೆ ಸಿಗ್ನಲ್ ಗೋಡೆಗೆ ಬಡಿದು ತಡವಾಗಿ ಬರುವುದರಿಂದ ತಪ್ಪು ಹತ್ತಾರು ಮೀಟರ್‌ಗೂ ಹೋಗಬಹುದು. ಉಪಗ್ರಹಗಳು ಬೇರೆ ಬೇರೆ ಆವರ್ತನದಲ್ಲಿ ಕಳಿಸುವ ಸಿಗ್ನಲ್‌ಗಳಲ್ಲಿ ಎಲ್1 ಜೊತೆಗೆ ಎಲ್5 ಕೂಡ ಹಿಡಿಯುವ ಮೊಬೈಲ್‌ಗಳು 2018ರಿಂದ ಬಂದಿವೆ. ಕಟ್ಟಡಗಳ ನಡುವೆ ಅವು ಮೇಲು. ಫ್ಲೈಓವರ್ ಸಮಸ್ಯೆಗೆ ಅವುಗಳಿಂದಲೂ ಪೂರ್ತಿ ಪರಿಹಾರ ಇಲ್ಲ. ಕಾರು ಏರು ಹತ್ತಿತೋ ಇಳಿಯಿತೋ ಎಂದು ಗೈರೊದಿಂದ ತಿಳಿಯುವ ಕಾರುಗಳು ಮಾತ್ರ ಇದರಲ್ಲಿ ಸ್ವಲ್ಪ ಜಾಣ.

ಹೊಸ ಮೊಬೈಲ್‌ಗೆ ಮುಂಚೆ ಇವನ್ನು ನೋಡಿ. ಸೆಟ್ಟಿಂಗ್ಸ್‌ನಲ್ಲಿ ಆ ಮ್ಯಾಪ್ ಆ್ಯಪ್‌ಗೆ ನಿಖರ ಲೊಕೇಷನ್ ಅನುಮತಿ ಕೊಟ್ಟಿದೆಯೇ? ಅಂದಾಜು ಲೊಕೇಷನ್ ಮಾತ್ರ ಕೊಟ್ಟಿದ್ದರೆ ಮನೆಯ ಬೀದಿಯೂ ಸರಿಯಾಗಿ ತೋರದು. ಬ್ಯಾಟರಿ ಸೇವರ್ ಆಫ್ ಮಾಡಿ. ಶಾಖ ತಡೆಯಲು ಲೋಹದ ಲೇಪನ ಇರುವ ಮುಂದಿನ ಗಾಜು ಸಿಗ್ನಲನ್ನೂ ತಡೆಯುತ್ತದೆ. ಅಂಥ ಗಾಜಿನಲ್ಲಿ ಸಾಮಾನ್ಯವಾಗಿ ಕನ್ನಡಿಯ ಹತ್ತಿರ ಲೇಪನ ಇಲ್ಲದ ಸಣ್ಣ ಜಾಗ ಬಿಟ್ಟಿರುತ್ತಾರೆ. ಆಯಸ್ಕಾಂತದ ಹೋಲ್ಡರ್ ಇದ್ದರೆ ಮೊಬೈಲ್‌ನ ದಿಕ್ಸೂಚಿ ಕೆಡುತ್ತದೆ. ಓಡುವಾಗ ಗೊತ್ತಾಗದು, ಏಕೆಂದರೆ ಆಗ ದಿಕ್ಕು ಚಲನೆಯಿಂದಲೇ ಸಿಗುತ್ತದೆ. ನಿಂತು ಹೊರಡುವಾಗ ಬಾಣ ಹಿಂದುಮುಂದು ಆಗುವುದು ಇದರಿಂದ.

ಶೀಲ್ಡಿಂಗ್ (ರೇಡಿಯೊ ಅಡ್ಡಿ ಹೊರಬರದಂತೆ ತಡೆಯುವ ಕವಚ) ಸರಿಯಿಲ್ಲದ ಡ್ಯಾಶ್‌ಕ್ಯಾಮ್ ಮತ್ತು ಚಾರ್ಜರ್‌ಗಳನ್ನೂ ಅನುಮಾನಿಸಿ. ಉಪಗ್ರಹಗಳ ಸಿಗ್ನಲ್ ಬಲ ತೋರಿಸುವ ಆ್ಯಪ್ ಹಾಕಿ, ನಿಂತ ಕಾರಿನಲ್ಲಿ ನೋಡುತ್ತಾ ಒಂದೊಂದೇ ಪ್ಲಗ್ ಕಿತ್ತು ನೋಡಿ. ಕಿತ್ತ ಕೂಡಲೇ ಗೆರೆಗಳು ಮೇಲೇರಿದರೆ ಕಳ್ಳ ಸಿಕ್ಕ.

ಪ್ರಶ್ನೆ: ಕೇಬಲ್ ಹಾಕಿ ಕಾರ್‌ಪ್ಲೇಗೆ ಜೋಡಿಸಿದಾಗ ಮಾತ್ರ ನನ್ನ ಮ್ಯಾಪ್ ಅರ್ಧ ಕಿಲೋಮೀಟರ್ ಆಚೆ ತೋರಿಸುತ್ತದೆ. ಕೇಬಲ್ ತೆಗೆದರೆ ಸರಿ. ಯಾವುದು ಕೆಟ್ಟಿದೆ?

ಉತ್ತರ (ಕಾರ್ ಎಲೆಕ್ಟ್ರಿಕಲ್ ಕೆಲಸದವರು): ಒಳ್ಳೆಯ ಲಕ್ಷಣ ಹೇಳಿದಿರಿ ಮೇಡಂ, ಇದರಲ್ಲೇ ಉತ್ತರ ಇದೆ. ಜೋಡಿಸಿದಾಗ ಕಾರು ತನ್ನ ಲೊಕೇಷನ್ ಕೊಡುವಂತಿದ್ದರೆ ಮೊಬೈಲ್ ಅದನ್ನು ಬಳಸುತ್ತದೆ. ಛಾವಣಿಯ ಆಂಟೆನಾ ಒಳಗಿನದಕ್ಕಿಂತ ಚೆನ್ನಾಗಿ ಆಕಾಶ ನೋಡುವುದರಿಂದ ಇದು ಸಾಮಾನ್ಯವಾಗಿ ಲಾಭವೇ. ನಿಮ್ಮ ಕಾರಿನಲ್ಲಿ ಆಂಟೆನಾ ಕನೆಕ್ಟರ್ ಸಡಿಲ ಆಗಿರಬಹುದು, ಛಾವಣಿಯ ಮೀನಿನ ರೆಕ್ಕೆಯಂಥ ಕವಚದೊಳಗೆ ನೀರು ಹೋಗಿರಬಹುದು, ಅಥವಾ ಹೆಡ್ ಯೂನಿಟ್ (ಡ್ಯಾಶ್‌ಬೋರ್ಡ್‌ನ ಪರದೆ ಯೂನಿಟ್) ಹಳೆಯ ಜಾಗವನ್ನೇ ಹಿಡಿದು ಕೂತಿರಬಹುದು. ಕೊನೆಯದು, ಕಾರನ್ನು ಆಫ್ ಮಾಡಿ ಎಳೆದುಕೊಂಡು ಹೋದಾಗ ಅಥವಾ ಪಾರ್ಕಿಂಗ್ ಲಿಫ್ಟ್ ಏರಿಸಿದಾಗ ಆಗುತ್ತದೆ. ತಾನು ಆಫ್ ಇದ್ದಾಗ ಅಥವಾ ಚಕ್ರ ತಿರುಗದೆ ಕಾರು ಜಾಗ ಬದಲಿಸಿದ್ದು ಅದಕ್ಕೆ ಗೊತ್ತಾಗದು. ಬಯಲಿನಲ್ಲಿ ಹತ್ತು ಹದಿನೈದು ನಿಮಿಷ ಓಡಿಸಿ. ಆಮೇಲೂ ಹಾಗೇ ಇದ್ದರೆ ಆಂಟೆನಾ ಬಿಚ್ಚಿ ನೋಡಿಸಿ. ಮೊಬೈಲ್ ರೀಸೆಟ್ ಮಾಡಿ ಏನೂ ಪ್ರಯೋಜನ ಇಲ್ಲ.

ಪ್ರಶ್ನೆ: ಕಾರ್‌ಪ್ಲೇ ಇಲ್ಲದ ಹಳೆ ಕಾರು. ಗೆಳೆಯನ ಎಸ್‌ಡಿ ಕಾರ್ಡ್ ಕಾಪಿ ಮಾಡಿ ಹಾಕಿದರೆ ಓದುತ್ತಿಲ್ಲ. ಜೊತೆಗೆ ಪರದೆಯಲ್ಲಿ ದಿನಾಂಕ ಸುಮಾರು ಇಪ್ಪತ್ತು ವರ್ಷ ಹಿಂದಿನದು.

ಉತ್ತರ (ಟೆಲಿಮ್ಯಾಟಿಕ್ಸ್ ಎಂಜಿನಿಯರ್): ಎರಡಕ್ಕೂ ಸಂಬಂಧ ಇಲ್ಲ. ಬಹಳ ಯೂನಿಟ್‌ಗಳು ಕಾರ್ಡ್‌ನ ಕ್ರಮಸಂಖ್ಯೆಯನ್ನೇ ಪರೀಕ್ಷಿಸುತ್ತವೆ. ಫೈಲ್ ಕಾಪಿ ಆಗುತ್ತದೆ, ಆ ಸಂಖ್ಯೆ ಆಗುವುದಿಲ್ಲ. ಆ ಕಾರಿನದೇ ಕಾರ್ಡ್‌ನಲ್ಲಿ, ಕಂಪನಿಯ ಸಾಫ್ಟ್‌ವೇರ್‌ನಿಂದ ಅಪ್‌ಡೇಟ್ ಮಾಡಬೇಕು. ಯುಎಸ್‌ಬಿ ಡ್ರೈವ್‌ನಿಂದ ಮಾಡುವ ಯೂನಿಟ್ ಆದರೆ ಕೈಪಿಡಿ ಹೇಳಿದ ಫಾರ್ಮ್ಯಾಟ್ ನೋಡಿ: ಫ್ಯಾಟ್32ರಲ್ಲಿ 4 ಜಿಬಿ ಮೀರಿದ ಒಂದು ಫೈಲ್ ಹಿಡಿಯದು. ಅಪ್‌ಡೇಟ್ ನಡೆಯುವಾಗ ಬ್ಯಾಟರಿ ಇಳಿದು ಯೂನಿಟ್ ಆಫ್ ಆದರೆ ಕೆಲಸ ಕೆಡುತ್ತದೆ. ಎಂಜಿನ್ ಓಡುತ್ತಿರಲಿ, ಕಾರು ಬಯಲಿನಲ್ಲಿರಲಿ. ಮುಚ್ಚಿದ ಗ್ಯಾರೇಜಿನಲ್ಲಿ ಬೇಡ, ಹೊಗೆ ತುಂಬಿ ಪ್ರಾಣಕ್ಕೆ ಅಪಾಯ.

ದಿನಾಂಕದ್ದು ಬೇರೆ ರೋಗ. ಜಿಪಿಎಸ್‌ನ ಮೂಲ ಸಂದೇಶದಲ್ಲಿ ವಾರದ ಸಂಖ್ಯೆಗೆ 10 ಬಿಟ್ ಮಾತ್ರ ಇದೆ, ಅಂದರೆ 1024 ವಾರ ಆದ ಮೇಲೆ ಮತ್ತೆ ಸೊನ್ನೆ. ಹಾಗೆ ಆದದ್ದು 1999ರ ಆಗಸ್ಟ್‌ನಲ್ಲಿ ಮತ್ತು 2019ರ ಏಪ್ರಿಲ್‌ನಲ್ಲಿ. ಮುಂದಿನದು 2038ರ ನವೆಂಬರ್‌ನಲ್ಲಿ. ಹಳೆ ಯೂನಿಟ್‌ಗಳು ಇದನ್ನು ತಿಳಿಯದೆ ಹತ್ತೊಂಬತ್ತೂವರೆ ವರ್ಷಕ್ಕಿಂತ ಸ್ವಲ್ಪ ಹೆಚ್ಚು ಹಿಂದೆ ಹೋಗುತ್ತವೆ. ಕೆಲವು ತಮ್ಮದೇ ಲೆಕ್ಕದ ಪ್ರಕಾರ ಬೇರೆ ದಿನ ಎಡವುತ್ತವೆ. ಜಾಗ ಸರಿಯಾಗೇ ತೋರುತ್ತದೆ, ದಿನಾಂಕ ಮಾತ್ರ ತಪ್ಪು. ಹೊಸ ಮ್ಯಾಪ್‌ನಿಂದ ಇದು ಹೋಗದು, ಫರ್ಮ್‌ವೇರ್ (ಯೂನಿಟ್‌ನ ಒಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಬೇಕು.

ಪ್ರಶ್ನೆ: ನೆಟ್‌ವರ್ಕ್ ಇಲ್ಲದ ಕಡೆ?

ಉತ್ತರ (ಕಾರ್ ಎಲೆಕ್ಟ್ರಿಕಲ್ ಕೆಲಸದವರು): ಜಿಪಿಎಸ್‌ಗೆ ಸಿಮ್ ಬೇಕಿಲ್ಲ, ಮ್ಯಾಪ್ ಇಳಿಸಲು ನೆಟ್ ಬೇಕು. ಮನೆಯ ವೈ-ಫೈನಲ್ಲೇ ಗೂಗಲ್ ಮ್ಯಾಪ್ಸ್ ತೆರೆದು, ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, ಆಫ್‌ಲೈನ್ ಮ್ಯಾಪ್ಸ್‌ಗೆ ಹೋಗಿ, ದಾರಿಯುದ್ದಕ್ಕೂ ಚೌಕ ಎಳೆದು ಡೌನ್‌ಲೋಡ್ ಮಾಡಿ. ಟ್ರಾಫಿಕ್ ಬರದು. ಇಳಿಸಿದ ಮ್ಯಾಪ್‌ಗೆ ಅವಧಿ ಇರುತ್ತದೆ, ಹೊರಡುವ ಮುನ್ನ ಪಟ್ಟಿಯಲ್ಲಿ ದಿನಾಂಕ ನೋಡಿ.

ನೆಟ್‌ವರ್ಕ್ ಇರುವಲ್ಲೇ ಒಮ್ಮೆ ಮ್ಯಾಪ್ ಆನ್ ಮಾಡಿಟ್ಟರೆ ಒಳ್ಳೆಯದು. ಉಪಗ್ರಹಗಳ ಸ್ಥಾನದ ಮಾಹಿತಿ ನೆಟ್‌ನಿಂದ ಕ್ಷಣದಲ್ಲಿ ಸಿಗುತ್ತದೆ. ಅದಿಲ್ಲದಿದ್ದರೆ ಒಂದೊಂದು ಉಪಗ್ರಹದಿಂದಲೂ ಅರ್ಧ ನಿಮಿಷ ತಡೆಯಿಲ್ಲದೆ ಕೇಳಿಸಿಕೊಳ್ಳಬೇಕು. ಕಾಡಿನ ದಾರಿಯಲ್ಲಿ ಓಡುತ್ತಾ ಅದು ಕಷ್ಟ.

ಪ್ರಶ್ನೆ: ಬಿಸಿಲಲ್ಲಿ ಮೊಬೈಲ್ ಕಾದು ಮ್ಯಾಪ್ ಆಫ್ ಆಗುತ್ತದೆ. ಚಾರ್ಜಿಗಿಟ್ಟರೂ ಬ್ಯಾಟರಿ ಇಳಿಯುತ್ತದೆ.

ಉತ್ತರ (ಟೆಲಿಮ್ಯಾಟಿಕ್ಸ್ ಎಂಜಿನಿಯರ್): ಐಫೋನ್ ಬಳಸಲು ಆ್ಯಪಲ್ ಹೇಳುವ ಮಿತಿಯೇ 35 ಡಿಗ್ರಿ, ಗಾಜಿನ ಹಿಂದೆ ಅದು ಬೇಗ ದಾಟುತ್ತದೆ. ಎಸಿ ಕಿಂಡಿಯ ಮುಂದಿನ ಹೋಲ್ಡರ್‌ಗೆ ಬದಲಾಯಿಸಿ, ಚಳಿಯಲ್ಲಿ ಹೀಟರ್ ಹಾಕಿದರೆ ಆ ಕಿಂಡಿ ಮುಚ್ಚಿ. ವೈರ್‌ಲೆಸ್ ಚಾರ್ಜಿಂಗ್ ಇನ್ನಷ್ಟು ಬಿಸಿ ಮಾಡುತ್ತದೆ, ಉದ್ದದ ದಾರಿಗೆ ಕೇಬಲ್ಲೇ ಸರಿ. ಹಳೆ ಕಾರಿನ ಹಾಡು ಕೇಳುವ ಯುಎಸ್‌ಬಿ ಕಿಂಡಿ 5 ವೋಲ್ಟ್‌ನಲ್ಲಿ 0.5 ಆ್ಯಂಪ್ ಮಾತ್ರ ಕೊಡಬಹುದು, ಎರಡೂವರೆ ವಾಟ್. ಬೆಳಗುವ ಪರದೆ, ಡೇಟಾ, ಜಿಪಿಎಸ್ ಸೇರಿ ಅದನ್ನು ಮೀರುತ್ತವೆ. 12 ವೋಲ್ಟ್ ಸಾಕೆಟ್‌ಗೆ 18 ವಾಟ್ ಅಥವಾ ಮೇಲಿನ ಪಿಡಿ (ಯುಎಸ್‌ಬಿ ಪವರ್ ಡೆಲಿವರಿ ಎಂಬ ವೇಗದ ಚಾರ್ಜಿಂಗ್) ಚಾರ್ಜರ್ ಹಾಕಿ.

ಪ್ರಶ್ನೆ: ಎಲೆಕ್ಟ್ರಿಕ್ ಕಾರಿಗೂ ಇದೇ ಸಲಹೆಯೇ?

ಉತ್ತರ (ಅದೇ): ಇಲ್ಲ, ಅಲ್ಲಿ ಲೆಕ್ಕ ಉಲ್ಟಾ. ಕಾರಿನ ನ್ಯಾವಿಗೇಷನ್‌ಗೆ ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ನೇರ ಗೊತ್ತು. ಹಲವು ಕಾರುಗಳಲ್ಲಿ ಫಾಸ್ಟ್ ಚಾರ್ಜರನ್ನು ಅದರಲ್ಲೇ ಗುರಿಯಾಗಿ ಹಾಕಿದರೆ ಮಾತ್ರ ಬ್ಯಾಟರಿ ತಾನೇ ಬೆಚ್ಚಗಾಗಿ ಸಿದ್ಧವಾಗುತ್ತದೆ. ಮೊಬೈಲ್ ಮ್ಯಾಪ್ ನೋಡಿಕೊಂಡು ಹೋದರೆ ತಣ್ಣಗಿನ ಬ್ಯಾಟರಿಯಲ್ಲಿ ಚಾರ್ಜರ್ ಮುಂದೆ ನಿಲ್ಲುತ್ತೀರಿ, ಚಾರ್ಜ್ ನಿಧಾನ ಏರುತ್ತದೆ. ದಾರಿಗೆ ಮೊಬೈಲೇ ಬೇಕೆಂದರೆ ಚಾರ್ಜರ್ ವಿಳಾಸವನ್ನು ಕಾರಿನಲ್ಲೂ ಹಾಕಿಡಿ, ಅದರ ದನಿಯನ್ನು ಮ್ಯೂಟ್ ಮಾಡಿ.