ಬರೆ (ಗುಡ್ಡದ ಕಡಿದಾದ ಮಣ್ಣಿನ ಅಂಚು) ಕುಸಿತ: ಭೂವಿಜ್ಞಾನಿಯನ್ನು ಕೇಳಿ (ಮಡಿಕೇರಿ ಸುತ್ತಮುತ್ತ)

ಅಡ್ಮಿನ್: ಸಂಜೆ 7ರಿಂದ ಸರ್ ಉತ್ತರಿಸುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಬೇಡ.

ಕಿತ್ತಳೆತೋಟ: ನಮಸ್ಕಾರ ಸರ್. 2018ರಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಎಲ್ಲ ಒಟ್ಟಿಗೆ ಜರಿಯೋಕೆ ಆ ಜುಲೈ ಭೂಕಂಪವೇ ಕಾರಣವಂತೆ, ಹೌದಾ?

ಭೂವಿಜ್ಞಾನಿ: ನಮಸ್ಕಾರ. ಅಲ್ಲ. ಜುಲೈ 9ರ ಕಂಪನ ಬರೀ 3.4. ಗುಡ್ಡ ಬಂದಿದ್ದು ಆಗಸ್ಟ್ ಮಧ್ಯದಲ್ಲಿ, ವಾರಗಟ್ಟಲೆ ನೀರು ಕುಡಿದ ಮೇಲೆ. ರಸ್ತೆಗೆ, ಮನೆಗೆ ಅಂತ ಬುಡ ಕೊರೆದಿಟ್ಟ ಇಳಿಜಾರು ಆ ಭಾರ ತಡೆಯಲಿಲ್ಲ.

ನಿವೃತ್ತ ಮೇಷ್ಟ್ರು: ನಮ್ಮಜ್ಜನ ಕಾಲದಲ್ಲಿ ಇದಕ್ಕಿಂತ ಜೋರು ಮಳೆ. ಆಗ ಯಾಕೆ ಜರಿಯಲಿಲ್ಲ?

ಭೂವಿಜ್ಞಾನಿ: ಅಜ್ಜನ ಹತ್ತಿರ ಜೆಸಿಬಿ ಇರಲಿಲ್ಲ.

ಸೈಟ್ ಹುಡುಕಾಟ: ಮಡಿಕೇರಿಯಲ್ಲಿ ಇಳಿಜಾರಿನ ಸೈಟ್ ತಗೋಬಹುದಾ ಸರ್?

ಹಿತ್ತಲ ಬರೆ: ಸರ್, ಮನೆ ಹಿಂದಿನ ಬರೆಯ ಮೇಲೆ ಕಾಫಿ ತೋಟದಲ್ಲಿ ಅರ್ಧಚಂದ್ರದ ಹಾಗೆ ನೆಲ ಸೀಳಿದೆ. ಮೊನ್ನೆ ಎರಡು ಬೆರಳು ಅಗಲ ಇತ್ತು, ಇವತ್ತು ಅಂಗೈ ಹೋಗುತ್ತೆ. ಕೆಳಗಿನ ಒರತೆ ನೀರು ಕೆಂಪಾಗಿದೆ. ಹಿಂಬಾಗಿಲು ಚಿಲಕಕ್ಕೆ ಸಿಗ್ತಿಲ್ಲ, ಮಳೆಗೆ ಮರ ಉಬ್ಬಿದೆ ಅಂತಾರೆ ಅತ್ತೆ. ಫೋಟೋ ಹಾಕಿದೀನಿ.

ಭೂವಿಜ್ಞಾನಿ: ಮರ ಉಬ್ಬಿಲ್ಲಮ್ಮ, ಚೌಕಟ್ಟು ಸೊಟ್ಟಗಾಗಿದೆ. ಅಂದ್ರೆ ತಳಪಾಯ ಸರಿದಿದೆ. ಫೋಟೋದಲ್ಲಿ ಬಿರುಕಿನ ಕೆಳಗಿರೋ ಸಿಲ್ವರ್ ಓಕ್ ಮೂರೂ ಒಂದೇ ಕಡೆ ವಾಲಿವೆ ನೋಡಿ. ನಮ್ಮ ಗುಡ್ಡಗಳಲ್ಲಿ ಮೇಲೆ ಕೆಂಪು ಮಣ್ಣು, ಅದರಡಿ ಜೇಡಿ, ಅದರಡಿ ಬಂಡೆ. ಬಿರುಕಿನಲ್ಲಿ ಇಳಿದ ನೀರಿಗೆ ಬಂಡೆ ದಾಟೋಕಾಗಲ್ಲ. ಒಳಗೇ ಒತ್ತಡ ಕಟ್ಟಿ ಮಣ್ಣಿನ ಹಿಡಿತ ಬಿಡಿಸುತ್ತೆ. ಒರತೆ ಕೆಂಪಾಯ್ತು ಅಂದ್ರೆ ಒಳಗಿನ ಮಣ್ಣು ಕೊಚ್ಚಿ ಬರ್ತಿದೆ. ಅದು ದಿಢೀರ್ ನಿಂತರೆ ಒಳ್ಳೆಯದಾಯ್ತು ಅಂದುಕೊಳ್ಳಬೇಡಿ, ನೀರು ಒಳಗೆ ಸೇರಿಕೊಳ್ತಿದೆ ಅಂತ ಅರ್ಥ.

ಈಗಲೇ ಹೊರಡಿ. ಊಟ ಆಮೇಲೆ. ತೋಡಿನ (ಹಳ್ಳದ) ದಾರಿಯಲ್ಲಿ ಇಳಿಯಬೇಡಿ, ಗುಡ್ಡಕ್ಕೆ ಅಡ್ಡವಾಗಿ ಪಕ್ಕದ ದಿಣ್ಣೆಗೆ ಹೋಗಿ. ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಫೋನ್ ಮಾಡಿ. ಬಿರುಕಿಗೆ ಜೇಡಿ ತುಂಬಿ ಟಾರ್ಪಾಲು ಹೊದಿಸೋದೆಲ್ಲ ಮಳೆ ಬಿಟ್ಟ ಮೇಲೆ, ಹಗಲಲ್ಲಿ, ಯಾರಾದರೂ ಬಂದು ನೋಡಿ ಹೇಳಿದ ಮೇಲೆ.

ಮಳೆಹುಳು: *ಫಾರ್ವರ್ಡ್* ಬಿರುಕಿನುದ್ದಕ್ಕೂ ಲಾವಂಚ ನೆಟ್ಟರೆ 100% ಸುರಕ್ಷೆ!! ಎಲ್ಲರಿಗೂ ಕಳಿಸಿ 🙏

ಭೂವಿಜ್ಞಾನಿ: ಲಾವಂಚ ಒಳ್ಳೆಯ ಹುಲ್ಲು, ಮೇಲ್ಮಣ್ಣು ಹಿಡಿಯುತ್ತೆ. ಬೇರು ಇಳಿಯೋಕೆ ತಿಂಗಳುಗಟ್ಟಲೆ ಬೇಕು, ಇವರ ಹತ್ತಿರ ಇರೋದು ಗಂಟೆಗಳು. ಇದನ್ನು ನಂಬಿ ಯಾರಾದರೂ ಈ ಮಳೆಯಲ್ಲಿ ಗುದ್ದಲಿ ಹಿಡಿದು ಬರೆ ಹತ್ತಿದರೆ ಹೊಣೆ ನಿಮ್ಮದು. ತೆಗೀರಿ.

ಮಳೆಹುಳು: ಒಳ್ಳೆಯದಕ್ಕೇ ಹಾಕಿದ್ದು ಸರ್.

ಕಿತ್ತಳೆತೋಟ: ಗುಡ್ಡ ಕೊರೆದವರು ಹೋಮ್‌ಸ್ಟೇಯವರು. ಅದನ್ನು ಯಾರೂ ಕೇಳಲ್ಲ.

ಮಂಜಿನಮನೆ: ನಾವು ಎರಡು ರೂಮಿಗೆ ಕೊರೆದಿದ್ದೀವಿ. ನಿಮ್ಮ ಲಾರಿ ರಸ್ತೆ ಗುಡ್ಡವನ್ನೇ ಸುತ್ತಿದೆ.

ಕಿತ್ತಳೆತೋಟ: ಅದು ನಮ್ಮಪ್ಪ ಮಾಡಿಸಿದ ರಸ್ತೆ.

ಮಂಜಿನಮನೆ: ಅಪ್ಪ ಕೊರೆದರೆ ಗುಡ್ಡಕ್ಕೆ ನೋವಾಗಲ್ವಾ?

ಅಡ್ಮಿನ್: ಇಬ್ಬರೂ ಸಾಕು.

ನಿವೃತ್ತ ಮೇಷ್ಟ್ರು: 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜರಿಯಿತಲ್ಲ, ಅರ್ಚಕರ ಮನೆ ಸಮೇತ. ಅಲ್ಲಿ ಯಾವ ತೋಟ, ಯಾವ ಹೋಮ್‌ಸ್ಟೇ?

ಭೂವಿಜ್ಞಾನಿ: ಇದು ಕೇಳಬೇಕಾದ ಪ್ರಶ್ನೆ. ಕಾಡಿದ್ದರೂ ಕಡಿದಾದ ಇಳಿಜಾರು ಜರಿಯುತ್ತೆ, ಬೇರಿಗೂ ಒಂದು ಆಳ ಇದೆ. ವಯನಾಡಿನಲ್ಲಿ 2024ರ ಜುಲೈ 30ರಂದು ಬಾಯಿ ತೆರೆದದ್ದೂ ಮೇಲಿನ ಕಾಡೇ. ಸತ್ತವರು ಕೆಳಗೆ, ಹೊಳೆಯಂಚಿನ ಮುಂಡಕ್ಕೈ, ಚೂರಲ್‌ಮಲದವರು. ಹಾಗಾಗಿ ನಿಮ್ಮ ಬರೆ ಗಟ್ಟಿ ಇದ್ದರೆ ಸಾಲದು, ನಿಮ್ಮ ತೋಡು ಎಲ್ಲಿಂದ ಹುಟ್ಟುತ್ತೆ ಅಂತಲೂ ನೋಡಿ.

ಹೊಸಬ: ಸರ್ 2018ರದ್ದು ಭೂಕಂಪದಿಂದಾನಾ?

ಭೂವಿಜ್ಞಾನಿ: ಮೇಲೆ ಓದಿ.

ಜೀರುಂಡೆ: ಗುಡ್ಡದೊಳಗಿಂದ ನೀರು ಒಡೆದು ನುಗ್ಗೋದಕ್ಕೆ ಜಲಸ್ಫೋಟ ಅಂತಾರಲ್ಲ, ಭೂಕಂಪ ಆದ್ರೆ ಅದಾಗುತ್ತಾ?

ಭೂವಿಜ್ಞಾನಿ: ಮೇಲೆ. ಓದಿ. ಹಿತ್ತಲ ಬರೆಯವರು ಹೊರಟರಾ? ಅದನ್ನು ಹೇಳಿ ಯಾರಾದರೂ.

ಸೈಟ್ ಹುಡುಕಾಟ: ಸರ್, ನನ್ನ ಸೈಟ್ ಪ್ರಶ್ನೆ??

ಮಂಜಿನಮನೆ: ಅಲ್ಲಿ ಮನೆ ಹೋಗ್ತಿದೆ, ಇವರಿಗೆ ಸೈಟ್.

ಹಿತ್ತಲ ಬರೆ: ಶಾಲೆಗೆ ಬಂದ್ವಿ ಸರ್. ಅತ್ತೆಯನ್ನು ಎತ್ತಿಕೊಂಡೇ ತಂದ್ರು. ದನ ಬಿಚ್ಚಿ ಬಿಟ್ಟಿದೀವಿ. ನಾಯಿ ಬರಲಿಲ್ಲ, ಕೊಟ್ಟಿಗೆಯಲ್ಲೇ ಕೂತಿದೆ. ಇವರು ಟಾರ್ಚ್ ಹುಡುಕ್ತಿದಾರೆ.

ಭೂವಿಜ್ಞಾನಿ: ಟಾರ್ಚ್ ಕೊಡಬೇಡಿ.