ಜೀಪಿನ ಹಾರ್ಡ್ ಟಾಪ್ ಒಬ್ಬನೇ ಇಳಿಸೋದು ಹೇಗೆ?

ಪ್ರಶ್ನೆ (ತೀರ್ಥಹಳ್ಳಿ): ನಮ್ಮ ಹಳೆ ಮಹೀಂದ್ರ ಜೀಪಿಗೆ ಫೈಬರ್ ಹಾರ್ಡ್ ಟಾಪ್ (ಬಿಚ್ಚಿ ತೆಗೆಯಬಹುದಾದ ಗಟ್ಟಿ ಚಾವಣಿ) ಇದೆ. ಮಳೆಗಾಲಕ್ಕೆ ಬೇಕೇ ಬೇಕು. ಮಳೆ ಬಿಟ್ಟ ಮೇಲೆ ಬಿಚ್ಚಲು ನಾಲ್ಕು ಜನ ಬೇಕು, ಅಡಿಕೆ ಕೊಯ್ಲಿನ ಹೊತ್ತಲ್ಲಿ ಯಾರು ಸಿಗ್ತಾರೆ? ಶೆಡ್ಡಿನ ತೊಲೆಗೆ ಚೈನ್ ಪುಲ್ಲಿ ಕಟ್ಟಿ ಎತ್ತಬಹುದಾ?

ಉತ್ತರ (ಸಾಗರ): ಎತ್ತಬಹುದು ಮಾರಾಯ್ರೇ, ಆದರೆ ಮೊದಲು ತೊಲೆ ನೋಡಿ. ಚಾಕು ಚುಚ್ಚಿದರೆ ಮೆತ್ತಗೆ ಇಳಿಯುತ್ತಾ? ಗೆದ್ದಲು ತಿಂದಿದೆ, ಅದನ್ನು ನಂಬಬೇಡಿ. ಫೈಬರಿಗೆ ಸೀದಾ ಕೊಕ್ಕೆ ಹಾಕಿದರೆ ಅಂಚು ಸೀಳುತ್ತದೆ. ಟಾಪಿನ ಒಳಗೆ ಅಡ್ಡಲಾಗಿ ಎರಡು ಚೌಕ ಪೈಪ್ ಕೊಡಿ, ಹಳೆ ಟ್ಯೂಬ್ ಸುತ್ತಿ, ನಾಲ್ಕು ತುದಿಗೂ ಬೆಲ್ಟ್ ಕಟ್ಟಿ.

ಉತ್ತರ (ಹೊಸನಗರ): ಬೋಲ್ಟ್ ಬಿಚ್ಚಿ ಒಂದಿಂಚು ಎತ್ತಿ ನಿಲ್ಲಿಸಿ. ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ) ಅಂಟಿಕೊಂಡಿರುತ್ತೆ, ಲೈಟಿನ ವೈರೂ ನೋಡಿ. ಬ್ರೇಕ್ ಇಲ್ಲದ ವಿಂಚ್ (ಹಗ್ಗ ಸುತ್ತಿ ಭಾರ ಎತ್ತುವ ಸಾಧನ) ಬೇಡವೇ ಬೇಡ. ಟಾಪ್ ತೂಗಾಡುವಾಗ ಕೆಳಗೆ ಹೋಗ್ಬೇಡಿ.

ಪ್ರಶ್ನೆ ಕೇಳಿದವರು: ತೊಲೆ ಹಲಸಿನದ್ದು, ಗಟ್ಟಿ ಇದೆ. ನಾಳೆನೇ ಪೈಪ್ ತರ್ತೀನಿ.