ಮನೆಯ ಎರಡನೆಯ ಪಡಸಾಲೆಯನ್ನು ನೀವು ಹೇಗೆ ಬಳಸುತ್ತೀರಿ? ಅನುಭವ ಹೇಳಿ

ಪ್ರಶ್ನೆ: ಗೃಹಿಣಿ, ಕಲಬುರಗಿ

ನಮ್ಮದು ಮಾವನವರು ಕಟ್ಟಿಸಿದ ಮನೆ. ಬೀದಿ ಬಾಗಿಲಿಗೆ ಹತ್ತಿದಂತೆ ದಿವಾನಖಾನೆ ಇದೆ. ಅದನ್ನು ದಾಟಿದರೆ ಅಡುಗೆಮನೆಯ ಮಗ್ಗುಲಿಗೆ ಒಂದು ಒಳಪಡಸಾಲೆ ಇದೆ. ಕೂಡು ಕುಟುಂಬವಿದ್ದಾಗ ಗಂಡಸರು ಮತ್ತು ಬಂದುಹೋಗುವವರು ಹೊರಗೆ ಕೂಡುತ್ತಿದ್ದರು, ಹೆಂಗಸರು ಮಕ್ಕಳು ಒಳಗೆ ಇರುತ್ತಿದ್ದರು. ಈಗ ಮನೆಯಲ್ಲಿರುವುದು ಅತ್ತೆಯವರು, ನಾವಿಬ್ಬರು ಮತ್ತು ಎರಡನೆಯ ಪಿಯುಸಿ ಓದುತ್ತಿರುವ ಮಗ. ಒಳಪಡಸಾಲೆಯಲ್ಲಿ ಹಳೆಯ ಪಲ್ಲಂಗ, ಕಬ್ಬಿಣದ ಅಲಮಾರಿ, ಹೊಲದಿಂದ ಬಂದ ತೊಗರಿ ಮತ್ತು ಜೋಳದ ಚೀಲಗಳು ಸೇರಿಕೊಂಡು, ಅದು ಇದ್ದೂ ಇಲ್ಲದಂತಾಗಿದೆ. ಅಗಲ 12 ಅಡಿ, ಉದ್ದ 16 ಅಡಿ. ಪಶ್ಚಿಮಕ್ಕೆ ಎರಡು ಕಿಟಕಿ, ಉತ್ತರಕ್ಕೆ ಒಂದು. ನೆಲಕ್ಕೆ ಶಹಾಬಾದ್ ಫರ್ಸಿ ಹಾಸಿದೆ. ಅತ್ತೆಯವರಿಗೆ ಮೊಣಕಾಲು ನೋವು, ಮಗನಿಗೆ ಓದಲು ನೆಮ್ಮದಿಯ ಜಾಗ ಬೇಕು, ಶರಣಬಸವೇಶ್ವರ ಜಾತ್ರೆಗೆ ಊರಿನಿಂದ ನೆಂಟರು ತಪ್ಪದೆ ಬರುತ್ತಾರೆ. ಹೆಚ್ಚಿನ ಖರ್ಚಿಲ್ಲದೆ ಈ ಪಡಸಾಲೆಯನ್ನು ದಿನನಿತ್ಯ ಉಪಯೋಗವಾಗುವಂತೆ ಮಾಡಿಕೊಂಡವರಿದ್ದರೆ ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ನಿವೃತ್ತ ಶಿಕ್ಷಕಿ, ಕಲಬುರಗಿ

ತಂಗಿ, ನಮ್ಮ ಮನೆಯ ರಚನೆಯೂ ಹೆಚ್ಚುಕಡಿಮೆ ಇದೇ ತರಹದ್ದು, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ಸಾಮಾನು ಕೊಳ್ಳುವ ಮೊದಲು, ಆ ಕೋಣೆ ಯಾವ ಹೊತ್ತಿಗೆ ಮತ್ತು ಯಾವ ತಿಂಗಳಲ್ಲಿ ಕೂಡಲು ಯೋಗ್ಯವಾಗಿರುತ್ತದೆ ಎಂಬುದನ್ನು ಗಮನಿಸಿ. ಪಶ್ಚಿಮದ ಕಿಟಕಿಗಳಿರುವುದರಿಂದ ಬೆಳಗಿನಿಂದ ಮಧ್ಯಾಹ್ನದ ಊಟದವರೆಗೆ ಅದು ಮನೆಯಲ್ಲಿಯೇ ತಂಪಾದ ಜಾಗವಾಗಿರುತ್ತದೆ. ಎರಡು ಗಂಟೆಯ ನಂತರ ಬಿಸಿಲು ನೇರವಾಗಿ ಒಳಗೆ ಬಂದು, ದೀಪ ಹಚ್ಚುವ ಹೊತ್ತಾದರೂ ಗೋಡೆಯ ಕಾವು ಆರುವುದಿಲ್ಲ. ಹೀಗಾಗಿ ಬೆಳಗಿನ ಕೆಲಸವೊಂದನ್ನು ಆ ಕೋಣೆಗೆ ಕಾಯಂ ಆಗಿ ಒಪ್ಪಿಸಿದರೆ ಮಾತ್ರ ಅದು ತಾನಾಗಿಯೇ ದಿನಾಲು ತೆರೆದಿರುತ್ತದೆ. ನೆಂಟರಿಗೆಂದು ಮೀಸಲಿಟ್ಟ ಕೋಣೆ ವರ್ಷದಲ್ಲಿ ಬಹುಪಾಲು ಮುಚ್ಚಿಯೇ ಇರುತ್ತದೆ; ಮುಚ್ಚಿದ ಕೋಣೆಗೆ ಮನೆಯವರೆಲ್ಲರೂ ಬೇಡವಾದದ್ದನ್ನು ತಂದು ಇಡುತ್ತಾರೆ. ನಿಮ್ಮ ಪಡಸಾಲೆಗೆ ಆಗಿರುವುದು ಇದೇ ಎಂದು ನನಗೆ ತೋರುತ್ತದೆ.

ನಮ್ಮಲ್ಲಿ ಬೆಳಗಿನ ಹೊತ್ತು ಕಾಯಿಪಲ್ಯ ಸೋಸುವುದು, ಕಾಳು ಹಸನು ಮಾಡುವುದು, ಪತ್ರಿಕೆ ಓದುವುದು, ಅಕ್ಕಪಕ್ಕದವರು ಬಂದರೆ ಚಹಾ ಕುಡಿಯುವುದು ಎಲ್ಲವೂ ಒಳಪಡಸಾಲೆಯಲ್ಲೇ ನಡೆಯುತ್ತದೆ. ಅಡುಗೆಮನೆಯಿಂದ ಎರಡು ಹೆಜ್ಜೆ ಇರುವುದರಿಂದ ಒಲೆಯ ಮೇಲೆ ಕಣ್ಣಿಟ್ಟುಕೊಂಡೇ ಕೂಡಬಹುದು. ಎಳ್ಳಮಾವಾಸ್ಯೆಯ ಹಿಂದಿನ ದಿನ ಇದೇ ಜಾಗದ ನಿಜವಾದ ಬೆಲೆ ತಿಳಿಯುತ್ತದೆ. ಹೊಲಕ್ಕೆ ಒಯ್ಯುವ ಸಜ್ಜೆ ರೊಟ್ಟಿಗಳನ್ನು ಬಿಳಿ ಧೋತರ ಹಾಸಿ, ಒಂದರ ಮೇಲೊಂದು ಬೀಳದಂತೆ ಸಾಲಾಗಿ ಹರವಿ, ಅಂಚು ಗರಿಗರಿಯಾಗುವವರೆಗೆ ಬಿಡಬೇಕಾಗುತ್ತದೆ. ಭಜ್ಜಿ ಪಲ್ಯಕ್ಕೆ ಕಾಳು ಸುಲಿಯುವವರು ಒಂದು ಕಡೆ, ಕಡುಬು ತುಂಬುವವರು ಇನ್ನೊಂದು ಕಡೆ ಕೂಡಬೇಕಾಗುತ್ತದೆ. ಸೋಫಾ ತುಂಬಿದ ದಿವಾನಖಾನೆಯಲ್ಲಿ ಇದು ಸಾಧ್ಯವಿಲ್ಲ. ಆದಕಾರಣ ಒಳಪಡಸಾಲೆಯ ನಡುವಿನ ನೆಲವನ್ನು ಖಾಲಿ ಬಿಡಿ ಎಂಬುದು ನನ್ನ ಮುಖ್ಯವಾದ ಮಾತು. ಸಾಮಾನು ಏನಿದ್ದರೂ ಗೋಡೆಗೆ ಹತ್ತಿರಲಿ. ನಡುವೆ ಒಂದು ಜಮಖಾನೆ ಸಾಕು.

ಇನ್ನೊಂದು ವಿಷಯವನ್ನು ಈಗಲೇ ಯೋಚಿಸಿ. ಶರಣಬಸವೇಶ್ವರ ಜಾತ್ರೆ ಹೋಳಿ ಹುಣ್ಣಿಮೆಯ ಬೆನ್ನಿಗೆ ಬರುತ್ತದೆ, ಎರಡನೆಯ ಪಿಯುಸಿಯ ವಾರ್ಷಿಕ ಪರೀಕ್ಷೆಯೂ ಈಚಿನ ವರ್ಷಗಳಲ್ಲಿ ಮಾರ್ಚ್ ತಿಂಗಳಲ್ಲೇ ನಡೆಯುತ್ತಿದೆ. ಮಗನ ಮೇಜನ್ನು ಒಳಪಡಸಾಲೆಗೆ ಹಾಕಿ, ನೆಂಟರ ಹಾಸಿಗೆಯನ್ನೂ ಅಲ್ಲಿಯೇ ಹಾಸುವುದೆಂದು ಲೆಕ್ಕ ಹಾಕಿದರೆ, ಹುಡುಗನಿಗೆ ಆ ಜಾಗ ಅತ್ಯಂತ ಅವಶ್ಯಕವಾದ ವಾರದಲ್ಲೇ ನೀವು ಅವನನ್ನು ಎಬ್ಬಿಸಬೇಕಾಗುತ್ತದೆ. ಇಬ್ಬರಲ್ಲಿ ಒಬ್ಬರು ದಿವಾನಖಾನೆಗೆ ಹೋಗಲೇಬೇಕು, ಮತ್ತು ಹೋಗಬೇಕಾದವರು ನೆಂಟರು. ಅವರು ಹಗಲೆಲ್ಲ ಗುಡಿ, ತೇರು, ಪೇಟೆ ಎಂದು ಹೊರಗೇ ಇರುತ್ತಾರೆ, ರಾತ್ರಿ ಮಲಗಲು ಮಾತ್ರ ಬರುತ್ತಾರೆ.

ಉತ್ತರ: ಕಟ್ಟಡ ಎಂಜಿನಿಯರ್, ಯಾದಗಿರಿ

ಶಿಕ್ಷಕಿಯವರು ಬಿಸಿಲಿನ ಮಾತು ಎತ್ತಿದ್ದು ಸರಿಯಾಗಿದೆ. ನಮ್ಮ ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯವಾದ್ದರಿಂದ, ಪಶ್ಚಿಮದ ಕೋಣೆಯನ್ನು ಮಧ್ಯಾಹ್ನವೂ ಬಳಸಬೇಕೆಂದರೆ ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು. ಎಷ್ಟೇ ದಪ್ಪನೆಯ ಪರದೆಯನ್ನು ಒಳಗೆ ಹಾಕಿದರೂ ಬಿಸಿಲು ಗಾಜನ್ನು ದಾಟಿ ಬಂದಿರುತ್ತದೆ. ಪರದೆಯೇ ಕಾದು ಆ ಶಾಖವನ್ನು ಕೋಣೆಗೆ ಬಿಡುತ್ತದೆ. ಅದೇ ಪರದೆಯ ದುಡ್ಡಿನಲ್ಲಿ ಬಿದಿರಿನ ತಟ್ಟಿಯನ್ನು ಕಿಟಕಿಯ ಹೊರಗೆ, ಸಜ್ಜಾದಿಂದ ಕೆಳಗೆ ಇಳಿಬಿಡಿ. ತಟ್ಟಿಗೂ ಗಾಜಿಗೂ ನಡುವೆ ಒಂದು ಗೇಣು ಅಂತರವಿದ್ದರೆ ಕಾದ ಗಾಳಿ ಮೇಲಿನಿಂದ ಹೊರಟುಹೋಗುತ್ತದೆ. ಪಶ್ಚಿಮಕ್ಕೆ ಸಜ್ಜಾ ಒಂದರಿಂದಲೇ ರಕ್ಷಣೆ ಸಿಗುವುದಿಲ್ಲ, ಏಕೆಂದರೆ ಇಳಿಹೊತ್ತಿನ ಸೂರ್ಯನ ಬಿಸಿಲು ಅದರ ಕೆಳಗಿನಿಂದ ಓರೆಯಾಗಿ ಬರುತ್ತದೆ.

ಕೂಲರ್ ಇಡುವುದಾದರೆ ಉತ್ತರದ ಕಿಟಕಿಗೆ ಇಡಿ, ಅದು ಹೊರಗಿನ ಒಣಗಾಳಿಯನ್ನು ಎಳೆದುಕೊಳ್ಳುವಂತಿರಲಿ, ಎದುರಿನ ಬಾಗಿಲನ್ನೋ ಕಿಟಕಿಯನ್ನೋ ಸ್ವಲ್ಪ ತೆರೆದಿಡಿ. ಎಲ್ಲವನ್ನೂ ಮುಚ್ಚಿ ಕೂಲರ್ ಹಚ್ಚಿದರೆ ಗಾಳಿಯಲ್ಲಿ ತೇವ ತುಂಬಿ, ಅರ್ಧ ಗಂಟೆಯಲ್ಲಿ ಮೈಯೆಲ್ಲ ಜಿಗುಟಾಗುತ್ತದೆ. ಅದೇ ತೇವ ಚೀಲದಲ್ಲಿರುವ ಕಾಳಿಗೂ ಇಳಿಯುತ್ತದೆ. ಮೃಗಶಿರಾ ಮಳೆ ಹಿಡಿದ ಮೇಲೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ, ಫ್ಯಾನೇ ಮೇಲು. ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ, ಒಳಗೋಡೆಯನ್ನು ಉಜ್ಜಿ ತೊಳೆಯಬೇಕು. ಡೆಂಗ್ಯೂ ಹರಡುವ ಸೊಳ್ಳೆ ಇಂತಹ ನಿಂತ ತಿಳಿನೀರಿನ ಅಂಚಿನಲ್ಲಿಯೇ ಮೊಟ್ಟೆ ಇಡುತ್ತದೆ.

ಚೀಲಗಳ ಭಾರದ ಬಗ್ಗೆಯೂ ಹೇಳಬೇಕು. ನಿಮ್ಮದು ನೆಲಮಹಡಿಯಾದ್ದರಿಂದ ಚಿಂತೆಯಿಲ್ಲ, ಆದರೆ ಮೇಲ್ಮಹಡಿಯಲ್ಲಿ ಎರಡನೆಯ ಹಾಲ್ ಇರುವವರು ಇದನ್ನು ಗಮನಿಸಬೇಕು. ವಾಸದ ಮನೆಯ ಮಹಡಿಯನ್ನು ಭಾರತೀಯ ಮಾನಕದ ಪ್ರಕಾರ ಪ್ರತಿ ಚದರ ಮೀಟರಿಗೆ ಸುಮಾರು 200 ಕಿಲೋ ಬಳಕೆಯ ಭಾರಕ್ಕೆ ಲೆಕ್ಕ ಹಾಕಿ ಕಟ್ಟುತ್ತಾರೆ. 50 ಕಿಲೋದ ನಾಲ್ಕು ಚೀಲಗಳನ್ನು ಒಂದರ ಮೇಲೊಂದು ಒಟ್ಟಿದರೆ ಅರ್ಧ ಚದರ ಮೀಟರಿನಲ್ಲೇ 200 ಕಿಲೋ ಕೂಡುತ್ತದೆ. ಪುಸ್ತಕ ತುಂಬಿದ ಅಲಮಾರಿಗಳ ಸಾಲಿಗೂ ಇದೇ ಮಾತು ಅನ್ವಯಿಸುತ್ತದೆ. ಇಂಥವನ್ನು ಹಾಲ್‌ನ ನಡುವೆ ಇಡದೆ, ಕೆಳಗೆ ತೊಲೆ ಅಥವಾ ಗೋಡೆ ಇರುವ ಅಂಚಿಗೆ ಹಂಚಿ ಇಡಬೇಕು.

ಉತ್ತರ: ಕೃಷಿಕ, ಸೇಡಂ ತಾಲ್ಲೂಕು

ಅಕ್ಕಾವರೆ, ಉಳಿದ ಏರ್ಪಾಡು ನಿಧಾನವಾಗಿ ಆಗಲಿ, ಮೊದಲು ಆ ಚೀಲಗಳನ್ನು ಪಡಸಾಲೆಯಿಂದ ತೆಗೆಸಿರಿ. ರಾಶಿ ಆದ ಮೇಲೆ ಮನೆಬಳಕೆಯ ಕಾಳನ್ನು ಒಳಗೆ ತಂದಿಡುವುದು ನಮ್ಮ ಕಡೆಯ ರೂಢಿಯೇ. ಆದರೆ ಕಾಳಿಗೆ ಹುಳ ಬೀಳಬಾರದೆಂದು ಚೀಲದ ಸಂದಿಯಲ್ಲಿ ಇಡುವ ಗುಳಿಗೆಯ ವಿಷಯವನ್ನು ಬಹಳ ಜನ ಹಗುರವಾಗಿ ತೆಗೆದುಕೊಂಡಿದ್ದಾರೆ, ಅದಕ್ಕಾಗಿ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಅದು ಅಲ್ಯುಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದ ಕೂಡಲೇ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಅದು ಬಾಗಿಲ ಸಂದಿಯಿಂದ ಪಕ್ಕದ ಕೋಣೆಗೂ ಹೋಗುತ್ತದೆ, ಅದಕ್ಕೆ ಪ್ರತಿವಿಷವೆಂಬುದೇ ಇಲ್ಲ. ತಜ್ಞರ ಮೇಲ್ವಿಚಾರಣೆಯಿಲ್ಲದೆ ಅದನ್ನು ಬಳಸಬಾರದೆಂಬ ಸರ್ಕಾರಿ ನಿಯಮವೂ ಇದೆ. ಮಂದಿ ಮಲಗುವ ಮನೆಯಲ್ಲಿ ಒಂದೇ ಒಂದು ಗುಳಿಗೆಯನ್ನೂ ಇಡಬಾರದು. ನಿಮ್ಮ ಚೀಲಗಳಲ್ಲಿ ಈಗಾಗಲೇ ಯಾರಾದರೂ ಇಟ್ಟಿದ್ದಾರೆಯೇ ಎಂದು ಕಾಳು ಕಳಿಸಿದವರನ್ನು ಮೊದಲು ಫೋನ್ ಮಾಡಿ ಕೇಳಿರಿ. ಇಟ್ಟಿದ್ದರೆ ಆ ಕೋಣೆಯಲ್ಲಾಗಲಿ ಪಕ್ಕದ ಕೋಣೆಗಳಲ್ಲಾಗಲಿ ಯಾರೂ ಮಲಗಬೇಡಿರಿ, ಕಿಟಕಿಗಳನ್ನು ತೆರೆದಿಟ್ಟು, ಚೀಲವನ್ನು ನೀವೇ ಬಿಚ್ಚದೆ ರೈತ ಸಂಪರ್ಕ ಕೇಂದ್ರದವರನ್ನು ವಿಚಾರಿಸಿರಿ.

ಮನೆಬಳಕೆಗೆ ಬೇರೆ ದಾರಿಗಳಿವೆ. ತೊಗರಿಯನ್ನು ಹಲ್ಲಿನಲ್ಲಿ ಕಡಿದರೆ ಟಕ್ಕೆಂದು ಒಡೆಯುವಷ್ಟು ಬಿಸಿಲಿಗೆ ಒಣಗಿಸಿ, ಆರಿದ ಮೇಲೆ ಮುಚ್ಚಳ ಬಿಗಿಯಾದ ತಗಡಿನ ಡಬ್ಬಿಗೆ ತುಂಬಿ, ಮೇಲೆ ಬೇವಿನ ಒಣ ಎಲೆ ಹಾಕಿದರೆ ಸಾಕು. ವರ್ಷಕ್ಕೆ ಬೇಕಾಗುವಷ್ಟನ್ನು ಮೊದಲೇ ಬೇಳೆ ಮಾಡಿಸಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಇಡಿಗಾಳಿಗೆ ಬೀಳುವಷ್ಟು ಹುಳ ಬೇಳೆಗೆ ಬೀಳುವುದಿಲ್ಲ. ಜೋಳದ ಚೀಲವನ್ನು ಫರ್ಸಿಯ ಮೇಲೆ ನೇರವಾಗಿ ಇಡದೆ ಹಲಗೆಯ ಮೇಲಿಟ್ಟು, ಗೋಡೆಯಿಂದ ಒಂದು ಮೊಳ ದೂರದಲ್ಲಿರುವಂತೆ ನೋಡಿಕೊಳ್ಳಿರಿ.

ಉತ್ತರ: ಹೊಲಿಗೆ ಕೆಲಸ ಮಾಡುವವರು, ಬೀದರ್

ನಾನು ನಮ್ಮ ಎರಡನೆಯ ಹಾಲ್‌ನಲ್ಲಿ ಕುಪ್ಪಸ ಹೊಲಿಯುವುದು, ಸೀರೆಗೆ ಫಾಲ್ ಮತ್ತು ಪಿಕೋ ಮಾಡುವುದನ್ನು ಇಟ್ಟುಕೊಂಡಿದ್ದೇನೆ. ದುಡಿಮೆಗೆಂದು ಇಂತಹ ಕೋಣೆಯನ್ನು ಬಳಸುವವರು, ಬರುವ ಗಿರಾಕಿಗಳು ಮನೆಯ ಯಾವ ಭಾಗವನ್ನು ದಾಟಿ ಬರಬೇಕಾಗುತ್ತದೆ ಎಂಬುದನ್ನು ಮೊದಲು ನೋಡಬೇಕು. ನಮ್ಮದಕ್ಕೆ ಓಣಿಯ ಕಡೆ ಬೇರೆ ಬಾಗಿಲಿರುವುದರಿಂದ ಮನೆಯವರಿಗೆ ತೊಂದರೆಯಾಗಿಲ್ಲ. ನಿಮ್ಮ ಒಳಪಡಸಾಲೆಗೆ ದಿವಾನಖಾನೆಯನ್ನು ದಾಟಿಯೇ ಬರಬೇಕಾದ್ದರಿಂದ ಹೊರಗಿನವರು ಬರುವಂತಹ ಕೆಲಸವನ್ನು ನಾನು ಸೂಚಿಸುವುದಿಲ್ಲ. ನೀವೇ ಕೂತು ಮಾಡುವ ಕೌದಿ ಹೊಲಿಯುವಂತಹ ಕೆಲಸಕ್ಕಾದರೆ ಆ ಖಾಲಿ ನೆಲ ಹೇಳಿ ಮಾಡಿಸಿದಂತಿದೆ. ಪೂರ್ತಿ ಕೌದಿಯನ್ನು ಹಾಸಿ, ನಾಲ್ಕೂ ಮೂಲೆಗಳಿಂದ ಟಾಕು ಹಾಕುತ್ತ ಬರಲು ಮಂಚವಾಗಲಿ ಮೇಜಾಗಲಿ ಸಾಲುವುದಿಲ್ಲ.

ಮರುಪ್ರಶ್ನೆ: ಗೃಹಿಣಿ, ಕಲಬುರಗಿ

ಎಲ್ಲರಿಗೂ ಧನ್ಯವಾದಗಳು. ಊರಿಗೆ ಫೋನ್ ಮಾಡಿ ಕೇಳಿದೆವು, ಚೀಲಗಳಲ್ಲಿ ಗುಳಿಗೆ ಇಟ್ಟಿಲ್ಲವಂತೆ. ಆದರೂ ಅವುಗಳನ್ನು ಹಿತ್ತಲಿನ ಕೋಣೆಗೆ ಸಾಗಿಸುತ್ತಿದ್ದೇವೆ. ಅತ್ತೆಯವರು ಹಗಲು ಒಳಪಡಸಾಲೆಯಲ್ಲೇ ಇರಲು ಇಷ್ಟಪಡುತ್ತಾರೆ, ಅಲ್ಲಿ ಟಿವಿಯೂ ಬೇಕೆನ್ನುತ್ತಾರೆ. ಹಾಗಿದ್ದರೆ ಮಗ ಓದುವುದು ಹೇಗೆ?

ಉತ್ತರ: ಫಿಜಿಯೋಥೆರಪಿಸ್ಟ್, ಕಲಬುರಗಿ

ಅತ್ತೆಯವರ ಇಷ್ಟಕ್ಕೆ ಮೊದಲ ಸ್ಥಾನ ಕೊಡಿ ಎಂದು ನಾನು ಹೇಳುತ್ತೇನೆ, ಏಕೆಂದರೆ ಮೊಣಕಾಲು ನೋವಿರುವವರು ಒಂದೇ ಕೋಣೆಯಲ್ಲಿ ಒಬ್ಬರೇ ಉಳಿದುಬಿಟ್ಟರೆ ನಡೆದಾಡುವುದನ್ನು ಕಡಿಮೆ ಮಾಡುತ್ತಾರೆ, ನಡಿಗೆ ಕಡಿಮೆಯಾದಷ್ಟೂ ಕಾಲಿನ ಶಕ್ತಿ ಕುಂದಿ ನೋವು ಹೆಚ್ಚುತ್ತದೆ. ಅಡುಗೆಮನೆಯ ಮಗ್ಗುಲಿದ್ದರೆ ಮಾತಿಗೆ ಜನ ಸಿಗುತ್ತಾರೆ, ಏಳುವುದು ಕೂಡುವುದು ನಡೆಯುತ್ತಲೇ ಇರುತ್ತದೆ. ಹಳೆಯ ಪಲ್ಲಂಗವನ್ನು ಅವರಿಗೇ ಇಡುವುದಾದರೆ ಅದರ ಎತ್ತರವನ್ನು ಗಮನಿಸಿ. ಅವರು ಅಂಚಿನಲ್ಲಿ ಕೂತಾಗ ಎರಡೂ ಪಾದಗಳು ನೆಲಕ್ಕೆ ಪೂರ್ತಿ ಊರಬೇಕು, ತೊಡೆಗಳು ಮೊಣಕಾಲಿಗಿಂತ ಕೆಳಗೆ ಇಳಿಯಬಾರದು. ತೀರಾ ತಗ್ಗಾಗಿದ್ದರೆ ಕಾಲುಗಳ ಕೆಳಗೆ ಗಟ್ಟಿಯಾದ ಕಟ್ಟಿಗೆಯ ತುಂಡುಗಳನ್ನು ಬಡಿಸಿ. ಕೂಡಲು ಕೈಯಿರುವ ಕುರ್ಚಿಯೇ ಇರಲಿ. ಮೆತ್ತನೆಯ ಸೋಫಾದಿಂದ ಏಳುವಾಗ ಮೊಣಕಾಲಿನ ಮೇಲೆ ಬಹಳ ಒತ್ತಡ ಬೀಳುತ್ತದೆ.

ಫರ್ಸಿ ಬೇಸಿಗೆಗೆ ಹಿತವಾದ ನೆಲ ನಿಜ, ಆದರೆ ಪಾಲಿಶ್ ಮಾಡಿದ ಫರ್ಸಿಗೆ ನೀರು ಬಿದ್ದರೆ ಜಾರುತ್ತದೆ. ಪಲ್ಲಂಗದಿಂದ ಬಚ್ಚಲುಮನೆಗೆ ಹೋಗುವ ದಾರಿಯಲ್ಲಿ ಜಮಖಾನೆಯ ಅಂಚು ಬರಬಾರದು, ಕೂಲರ್‌ನ ಪೈಪು ಹಾಯಬಾರದು, ರಾತ್ರಿ ಒಂದು ಸಣ್ಣ ದೀಪ ಉರಿಯುತ್ತಿರಬೇಕು.

ಉತ್ತರ: ನಿವೃತ್ತ ಶಿಕ್ಷಕಿ, ಕಲಬುರಗಿ

ತಂಗಿ, ಹಾಗಾದರೆ ನನ್ನ ಸಲಹೆಯನ್ನು ಸ್ವಲ್ಪ ಬದಲಿಸುತ್ತೇನೆ. ಒಳಪಡಸಾಲೆ ಅತ್ತೆಯವರದಾಗಲಿ, ಟಿವಿಯೂ ಅಲ್ಲಿಗೇ ಬರಲಿ. ಮಗನ ಮೇಜನ್ನು ನೀವಿಬ್ಬರೂ ಮಲಗುವ ಕೋಣೆಗೆ ಹಾಕಿ, ಪರೀಕ್ಷೆ ಮುಗಿಯುವವರೆಗೆ ಅದನ್ನು ಅವನಿಗೇ ಬಿಟ್ಟುಕೊಡಿ. ನೀವು ರಾತ್ರಿ ಒಳಪಡಸಾಲೆಯಲ್ಲಿ ಗಾದಿ ಹಾಸಿ ಮಲಗಿದರೆ ಅತ್ತೆಯವರಿಗೂ ಜೊತೆಯಾಗುತ್ತದೆ. ಓದುವ ಹುಡುಗನಿಗೆ ದೊಡ್ಡ ಜಾಗಕ್ಕಿಂತ ಮುಚ್ಚಿಕೊಳ್ಳಲು ಒಂದು ಬಾಗಿಲು ಬೇಕು, ಪಡಸಾಲೆಗೆ ಅದು ಇರುವುದಿಲ್ಲ. ನಲವತ್ತು ಮಕ್ಕಳ ತರಗತಿಗಳಲ್ಲೇ ಜೀವನ ಕಳೆದವಳಾಗಿ ಇದನ್ನು ಖಚಿತವಾಗಿ ಹೇಳುತ್ತೇನೆ.

ಜಾತ್ರೆಯ ನೆಂಟರಿಗೆ ದಿವಾನಖಾನೆಯ ಸೋಫಾಗಳನ್ನು ಗೋಡೆಗೆ ಸರಿಸಿ ಗಾದಿ ಹಾಸಿದರಾಯಿತು. ಗಾದಿ, ಲೋಡು, ಕೌದಿಗಳನ್ನು ಒಂದು ದೊಡ್ಡ ಟ್ರಂಕಿನಲ್ಲಿ ತುಂಬಿ, ಅದರ ಮೇಲೆ ಜಮಖಾನೆ ಮಡಿಚಿ ಹಾಕಿ ಒಳಪಡಸಾಲೆಯ ಉತ್ತರದ ಕಿಟಕಿಯ ಕೆಳಗೆ ಇಟ್ಟರೆ, ವರ್ಷವೆಲ್ಲ ಇಬ್ಬರು ಕೂಡಲು ಆಸನವೂ ಆಗುತ್ತದೆ. ನೆಂಟರು ಹೋದ ಮೇಲೆ ಕೌದಿಗಳನ್ನು ಒಗೆದು, ಮಾಳಿಗೆಯ ಮೇಲೆ ಚೈತ್ರದ ಬಿಸಿಲಿಗೆ ಎರಡೂ ಮಗ್ಗುಲು ಕಾಯಿಸಿ, ಪೂರ್ತಿ ಆರಿದ ನಂತರವೇ ಟ್ರಂಕಿಗೆ ಹಾಕಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರಿ, ಮಳೆಗಾಲದಲ್ಲಿ ತೆಗೆದಾಗ ಮುಗ್ಗಲು ವಾಸನೆ ಬರುತ್ತದೆ.